ಗೋಕರ್ಣದ ಧರೆಗಳ ಮೇಲೊಂದು ಕಡಲ ಚಾರಣ

ಗೋಕರ್ಣ ಎಂದೊಡನೆ ಹಿರಿಯರಿಗೆ ನೆನಪಾಗುವುದು ಮಹಾಬಲೇಶ್ವರನ ಗುಡಿ, ಕೋಟಿತೀರ್ಥ, ಶಿವರಾತ್ರಿಯ ತೇರು. ಕಾಲೇಜು ಹುಡುಗರಿಗೆ ನೆನಪಾಗುವುದು ಓಂ ಬೀಚ್. ಒಂದೇ ಬಸ್ಸಿನಲ್ಲಿ ಒಂದೇ ಊರಿಗೆ ಹೊರಟ ತಂದೆ ಮಗನ ಮನಸ್ಸಿನಲ್ಲಿ ಎರಡು ಬೇರೆ ಬೇರೆ ಊರುಗಳು! ಈ ಎರಡರ ನಡುವೆ ಇಬ್ಬರೂ ಅಷ್ಟಾಗಿ ಗಮನಿಸದ ಇನ್ನೊಂದು ಗೋಕರ್ಣವಿದೆ. ಅದು ಕಡಲಿಗೆ ಎದೆಯೊಡ್ಡಿ ನಿಂತ ಕೆಂಪು ಧರೆಗಳ ಗೋಕರ್ಣ. ತೇರು ನೋಡಲು ಬಂದವರು ಅದಕ್ಕೆ ಬೆನ್ನು ಹಾಕಿ ಹಿಂದಿರುಗುತ್ತಾರೆ. ಬೀಚಿಗೆ ಬಂದವರು ಆಟೋದಲ್ಲಿ ಅದನ್ನು ದಾಟಿ ಹೋಗಿಬಿಡುತ್ತಾರೆ. ನಡೆದು ನೋಡುವವರಿಗೆ ಮಾತ್ರ ಅದು ಸಿಗುತ್ತದೆ.

ಉತ್ತರ ಕನ್ನಡ ಜಿಲ್ಲೆಯ ನಕಾಶೆ ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ. ಇವೆರಡು ನದಿಗಳು ಕಡಲು ಸೇರುವ ಅಳಿವೆಗಳ ನಡುವೆ ಗೋಕರ್ಣ ಕುಳಿತಿದೆ. ಇಲ್ಲಿ ಸಹ್ಯಾದ್ರಿ ಕಡಲಿಗೆ ತೀರಾ ಹತ್ತಿರ ಬಂದು, ತನ್ನ ಗುಡ್ಡಗಳನ್ನು ಕೈಬೆರಳುಗಳಂತೆ ನೀರಿನೊಳಕ್ಕೆ ಚಾಚಿದೆ. ಎರಡು ಬೆರಳುಗಳ ಸಂದಿಯಲ್ಲಿ ಒಂದೊಂದು ಮರಳಿನ ದಂಡೆ. ಊರಿನ ಕಡಲತೀರದಿಂದ ತೆಂಕಣಕ್ಕೆ ಹೊರಟರೆ ಮೊದಲು ಕುಡ್ಲೆ, ಆಮೇಲೆ ಓಂ, ಅದರಾಚೆ ಅರ್ಧಚಂದ್ರ, ಕೊನೆಗೆ ಪ್ಯಾರಡೈಸ್. ಹಾಫ್ ಮೂನ್ ಎಂದರೇ ಈಗ ದಾರಿ ತೋರಿಸುವವರಿಗೆ ಬೇಗ ಅರ್ಥವಾಗುತ್ತದೆ, ಆ ಮಾತು ಬೇರೆ. ಒಂದು ತೀರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವಿನ ಗುಡ್ಡ ಹತ್ತಿ ಇಳಿಯಲೇಬೇಕು. ಇದೇ ಗೋಕರ್ಣದ ಕಡಲ ಚಾರಣ. ಏಳೆಂಟು ಕಿಲೋಮೀಟರಿನ ಈ ದಾರಿಯನ್ನು ಕೇಳಿ ಕುಮಾರಪರ್ವತ, ಕೊಡಚಾದ್ರಿ ಹತ್ತಿ ಬಂದ ಹುಡುಗರು ನಗಬಹುದು. ಆದರೆ ಬಿಸಿಲಿನಲ್ಲಿ ನಾಲ್ಕು ಗುಡ್ಡ ಹತ್ತಿ ನಾಲ್ಕು ಗುಡ್ಡ ಇಳಿಯುವ ಹೊತ್ತಿಗೆ ಆ ನಗೆ ಎಷ್ಟೋ ಕಡಿಮೆಯಾಗಿರುತ್ತದೆ.

ಊರ ಮುಂದಿನ ತೀರದ ದಕ್ಷಿಣ ತುದಿಯಲ್ಲಿ ರಾಮನ ಗುಡಿ. ಅದರ ಬಳಿ ರಾಮತೀರ್ಥ. ಕೆಳಗೆ ಉಪ್ಪು ನೀರಿನ ಕಡಲು ಭೋರ್ಗರೆಯುತ್ತಿದ್ದರೆ, ಇಲ್ಲಿ ಗುಡ್ಡದ ಒಡಲಿನಿಂದ ಸಿಹಿನೀರು ಹರಿದು ಬರುತ್ತದೆ. ಭಕ್ತರು ಕೈಮುಗಿದು ತಲೆಗೆ ಚಿಮುಕಿಸಿಕೊಳ್ಳುತ್ತಾರೆ. ಸಮುದ್ರದ ಮಗ್ಗುಲಲ್ಲಿ ಸಿಹಿನೀರು ಬಂದದ್ದಾದರೂ ಹೇಗೆ? ಮಕ್ಕಳು ಈ ಪ್ರಶ್ನೆ ಕೇಳಿದರೆ ಸುಮ್ಮನಾಗಿಸುವುದು ಬೇಡ. ಉತ್ತರ ಅವರು ಹತ್ತಲಿರುವ ಮೆಟ್ಟಿಲಿನಲ್ಲೇ, ಕಾಲಿನ ಅಡಿಯಲ್ಲೇ ಇದೆ. ಇಡೀ ಚಾರಣದ ರಹಸ್ಯವೂ, ಅಪಾಯವೂ ಅದೇ ಉತ್ತರದಲ್ಲಿದೆ.

ಆ ಕೆಂಪು ಕಲ್ಲಿಗೆ ಉತ್ತರ ಕನ್ನಡದವರು ಚಿರೇಕಲ್ಲು ಎನ್ನುತ್ತಾರೆ. ದಕ್ಷಿಣಕ್ಕೆ ಹೋದರೆ ಮುರಕಲ್ಲು. ಘಟ್ಟದ ಮೇಲಿನವರಿಗೆ ಜಂಬಿಟ್ಟಿಗೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದರ ಹೆಸರು ಲ್ಯಾಟರೈಟ್. ಈ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ, 1800-01ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಈ ವೈದ್ಯ ಮಲಬಾರಿನ ಅಂಗಡಿಪುರಂ ಬಳಿ ಜನ ಈ ಕಲ್ಲನ್ನು ಕೊಡಲಿಯಂಥ ಆಯುಧದಿಂದ ಇಟ್ಟಿಗೆಯ ಹಾಗೆ ಕಡಿದು ತೆಗೆಯುವುದನ್ನು ನೋಡಿದ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ 'ಲೇಟರ್' ಎಂಬ ಪದವಿದೆ. ಅದರಿಂದ ಲ್ಯಾಟರೈಟ್ ಎಂಬ ಹೆಸರು ಹುಟ್ಟಿ 1807ರಲ್ಲಿ ಅವನ ಪುಸ್ತಕದಲ್ಲಿ ಅಚ್ಚಾಯಿತು. ನಮ್ಮವರು ಲ್ಯಾಟಿನ್ ಕಲಿಯದೆಯೇ ಜಂಬಿಟ್ಟಿಗೆ ಎಂದು 'ಇಟ್ಟಿಗೆ'ಯನ್ನು ಆ ಹೆಸರಿನಲ್ಲಿ ಸೇರಿಸಿಬಿಟ್ಟಿದ್ದರು!

ಇದು ಹುಟ್ಟುವ ಬಗೆ ಕುತೂಹಲಕರ. ಲಕ್ಷಾಂತರ ವರ್ಷಗಳ ಕಾಲ ಜೋರು ಮಳೆ, ಅದರ ಹಿಂದೆಯೇ ಜೋರು ಬಿಸಿಲು ಒಂದು ಬಂಡೆಯ ಮೇಲೆ ಬಿದ್ದರೆ, ಅದರಲ್ಲಿನ ಸಿಲಿಕಾ ಮೊದಲಾದವು ಕರಗಿ ತೊಳೆದುಹೋಗುತ್ತವೆ. ಕರಗದ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ಉಳಿಯುತ್ತವೆ. ಕಲ್ಲಿನ ಕೆಂಪು ಬೇರೇನಲ್ಲ, ಮನೆಯ ಗೇಟಿಗೆ ಹಿಡಿಯುವ ಅದೇ ತುಕ್ಕು. ನೆಲದೊಳಗೆ ಮೆತ್ತಗಿರುವ ಈ ಕಲ್ಲು ಹೊರಗಿನ ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಕರಾವಳಿಯ ಮನೆಗಳ ಗೋಡೆ, ಬಾವಿಗಳ ಕಟ್ಟೆ, ಅಘನಾಶಿನಿಯ ದಡದಲ್ಲಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ನೆನಪಾಗುವ ಮಿರ್ಜಾನ ಕೋಟೆ, ಎಲ್ಲವೂ ಇದೇ ಕಲ್ಲಿನವು.

ಈ ಕಲ್ಲಿನ ಮೈತುಂಬ ತೂತು. ಮಳೆಗಾಲದಲ್ಲಿ ಗುಡ್ಡದ ನೆತ್ತಿಯ ಮೇಲೆ ಬಿದ್ದ ನೀರು ಈ ತೂತುಗಳ ಮೂಲಕ ಸೋಸಿ ಕೆಳಗಿಳಿಯುತ್ತದೆ. ತಳದಲ್ಲಿ ನುಣುಪಾದ ಜೇಡಿಯ ಪದರ ಸಿಕ್ಕಾಗ ಮುಂದೆ ಇಳಿಯಲಾರದೆ ಅಡ್ಡಕ್ಕೆ ಹರಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಕಡಲ ಪಕ್ಕದಲ್ಲಿ ಸಿಹಿನೀರು ಸಿಗುವ ಬಗೆ ಇದು. ಆದರೆ ಅದೇ ನೀರು ಧರೆಯ ಶತ್ರುವೂ ಹೌದು. ನೆತ್ತಿಯ ಕಲ್ಲು ಗಟ್ಟಿ, ಬುಡದ ಜೇಡಿ ಮೆದು. ಒಳಗಿನಿಂದ ಒರತೆ ಜೇಡಿಯನ್ನು ಸಡಿಲಿಸುತ್ತದೆ. ಹೊರಗಿನಿಂದ ಮಳೆಗಾಲದ ತೆರೆಗಳು ಬಂದು ಅದನ್ನು ಕೆರೆಯುತ್ತವೆ. ಬುಡ ಒಳಸರಿಯುತ್ತದೆ, ನೆತ್ತಿ ಛಾವಣಿಯ ಹಾಗೆ ಮುಂಚಾಚಿ ನಿಲ್ಲುತ್ತದೆ. ಒಂದು ದಿನ ಅದರ ಭಾರ ಅದಕ್ಕೇ ಹೆಚ್ಚಾಗಿ ಮನೆಯಷ್ಟು ದೊಡ್ಡ ತುಂಡು ಕಡಲಿಗೆ ಬೀಳುತ್ತದೆ. ಧರೆಗಳ ಬುಡದಲ್ಲಿ ಅಡ್ಡಾದಿಡ್ಡಿ ಬಿದ್ದಿರುವ ಕೆಂಪು ಬಂಡೆಗಳೆಲ್ಲ ಒಂದು ಕಾಲಕ್ಕೆ ಮೇಲೆ ನಿಂತು ಸೂರ್ಯಾಸ್ತ ನೋಡುವ ಜಾಗಗಳೇ ಆಗಿದ್ದವು.

ಚಾರಣಿಗರು ತಿಳಿದಿರಬೇಕಾದ ಮೊದಲ ಸಂಗತಿ ಇದು. ಧರೆಯ ಅಂಚಿನಲ್ಲಿ ನಿಂತವನಿಗೆ ತನ್ನ ಕಾಲ ಕೆಳಗೆ ಕಲ್ಲು ಕಾಣುತ್ತದೆಯೇ ಹೊರತು, ಆ ಕಲ್ಲಿನ ಕೆಳಗೆ ಏನಿದೆ ಎಂಬುದು ಕಾಣುವುದಿಲ್ಲ. ಪಕ್ಕದ ಗುಡ್ಡದ ಮೇಲಿನಿಂದ ನೋಡಿದವನಿಗೆ ಮಾತ್ರ ಗೆಳೆಯ ನಿಂತಿರುವ ನೆಲ ಬಾಲ್ಕನಿಯಂತೆ ಗಾಳಿಯಲ್ಲಿ ತೂಗುತ್ತಿರುವುದು ಕಂಡೀತು. ಸೆಲ್ಫಿಗಾಗಿ ಒಂದು ಹೆಜ್ಜೆ ಹಿಂದೆ ಸರಿಯುವವರು ಇದನ್ನು ನೆನೆಯುವುದಿಲ್ಲ. ಅಂಚಿನಿಂದ ನಾಲ್ಕೈದು ಮಾರು ಒಳಗೇ ನಿಂತರೂ ಅದೇ ಕಡಲು ಕಾಣುತ್ತದೆ, ಅದೇ ಸೂರ್ಯ ಮುಳುಗುತ್ತಾನೆ.

ರಾಮತೀರ್ಥದ ಮೇಲಿನ ಬಯಲು ಏರಿದರೆ ಮರಗಳಿಲ್ಲದ ಕಲ್ಲುಹಾಸು. ಬೇಸಿಗೆಯಲ್ಲಿ ಕಾದ ಕಾವಲಿ. ಆದರೆ ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಈ ಬೋಳು ಕಲ್ಲಿನ ಸಂದುಗಳಲ್ಲಿ ಬೆರಳುದ್ದದ ಗಿಡಗಳು ಎದ್ದು ಹೂ ಬಿಡುತ್ತವೆ. ಇಂಥ ಚಿರೇಕಲ್ಲಿನ ಬಯಲುಗಳಲ್ಲಿ ಕೀಟಗಳನ್ನು ಹಿಡಿದು ತಿನ್ನುವ ಪುಟ್ಟ ಗಿಡಗಳೂ ಬೆಳೆಯುತ್ತವೆ. ಮಣ್ಣಿನಲ್ಲಿ ಸಾರವಿಲ್ಲದ ಕಾರಣ ಅವು ಊಟಕ್ಕೆ ಬೇರೆ ದಾರಿ ಹುಡುಕಿಕೊಂಡಿವೆ. ಜೀವಶಾಸ್ತ್ರ ಓದುವ ಹುಡುಗಿಯೊಬ್ಬಳು ತಂಡದಲ್ಲಿದ್ದರೆ ಎಲ್ಲರೂ ಇಲ್ಲಿ ಅರ್ಧ ಗಂಟೆ ಕಾಯಬೇಕಾದೀತು. ಕಾಯುವುದು ಒಳ್ಳೆಯದು.

ಬಯಲು ಮುಗಿದಲ್ಲಿ ಇಳಿಜಾರು. ಕೆಳಗೆ ಕುಡ್ಲೆಯ ಉದ್ದನೆಯ ಮರಳು. ಹೋಟೆಲು, ವಸತಿಗೃಹ, ಚಹದಂಗಡಿ ಎಲ್ಲ ಬಂದಿವೆ, ಹೆಚ್ಚು ಹೇಳುವಂಥದ್ದೇನಿಲ್ಲ. ಮರಳು ದಾಟಿ ಮತ್ತೆ ಗುಡ್ಡ ಹತ್ತಿದರೆ ಓಂ ಬೀಚಿನ ನೆತ್ತಿ. ಇಲ್ಲಿಯವರೆಗೆ ವಾಹನದ ದಾರಿಯೂ ಇದೆ. ದಂಡೆಯ ನಡುವೆ ಕಡಲಿಗೆ ಚಾಚಿದ ಕಪ್ಪು ಬಂಡೆಗಳ ರಾಶಿ, ಅದರ ಎರಡೂ ಬದಿಗೆ ಬಿಲ್ಲಿನಂತೆ ಬಾಗಿದ ಎರಡು ಮರಳಿನ ತೀರಗಳು. ಮೇಲಿನಿಂದ ನೋಡಿದರೆ ಓಂಕಾರ. ಅದು ನಾಗರಿ ಲಿಪಿಯ ಓಂಕಾರವೆಂದೂ, ಕನ್ನಡದ ಓಂ ಅಲ್ಲವೆಂದೂ ಚಿಕ್ಕ ಮಕ್ಕಳು ತಕರಾರು ತೆಗೆದರೆ ಆಶ್ಚರ್ಯವಿಲ್ಲ. ಸಂಜೆಗೆ ಇಲ್ಲಿ ಜಾತ್ರೆಯಷ್ಟು ಜನ. ಅವರು ಬಿಟ್ಟು ಹೋಗುವ ಬಾಟಲಿ, ಕುರುಕಲು ತಿಂಡಿಯ ಪೊಟ್ಟಣಗಳ ವಿಷಯ ಬರೆದರೆ ಅದೇ ಒಂದು ಲೇಖನವಾದೀತು.

ಓಂ ಬೀಚಿನ ದಕ್ಷಿಣ ತುದಿಯಲ್ಲಿ ಜಾತ್ರೆ ಮುಗಿಯುತ್ತದೆ, ಚಾರಣ ಶುರುವಾಗುತ್ತದೆ. ಅರ್ಧಚಂದ್ರ ತೀರಕ್ಕೆ ವಾಹನದ ದಾರಿಯಿಲ್ಲ. ಕಾಲುದಾರಿ ಇಲ್ಲವೇ ದೋಣಿ. ಗಿಡಗಂಟಿಗಳ ನಡುವೆ ಹತ್ತುವ ದಾರಿ ಸ್ವಲ್ಪ ಹೊತ್ತಿಗೆ ಧರೆಯ ಹೊಟ್ಟೆಯ ಮೇಲೆ, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲದಲ್ಲಿ ಸಾಗುತ್ತದೆ. ಎಡಕ್ಕೆ ಗುಡ್ಡ, ಬಲಕ್ಕೆ ಕೆಳಗೆ ಕಡಲು. ಕರ್ನಾಟಕದ 300 ಕಿಲೋಮೀಟರಿಗೂ ಉದ್ದದ ಕರಾವಳಿಯಲ್ಲಿ ಇಷ್ಟು ಸುಲಭವಾಗಿ ತಲುಪಬಹುದಾದ, ಆದರೂ ಇಷ್ಟು ಒರಟಾದ ಜಾಗ ಇನ್ನೊಂದು ಸಿಗುವುದು ಕಷ್ಟ. ಬಂಡೆಗಳ ಬಿರುಕಿನೊಳಕ್ಕೆ ತೆರೆ ನುಗ್ಗಿದಾಗ ಒಳಗೆಲ್ಲೋ ಗುಡುಗಿದಂತಾಗುತ್ತದೆ. ನೀರು ಹಿಂದೆ ಸರಿಯುವಾಗ ದೀರ್ಘವಾದ ಉಸಿರು. ಮತ್ತೆ ಗುಡುಗು. ಕಣ್ಣಿನ ಮಟ್ಟದಲ್ಲೇ, ಕೆಲವೊಮ್ಮೆ ಕೆಳಗೆ, ಗರುಡಗಳು ರೆಕ್ಕೆ ಅಲುಗಿಸದೆ ತೇಲುತ್ತವೆ. ಕಡಲ ಗಾಳಿ ಧರೆಗೆ ಬಡಿದು ಮೇಲೇರುವುದರಿಂದ ಅವುಗಳಿಗೆ ಪುಕ್ಕಟೆ ಸವಾರಿ. ಅದೃಷ್ಟವಿದ್ದರೆ ಬಿಳಿ ಹೊಟ್ಟೆಯ ದೊಡ್ಡ ಕಡಲ ಹದ್ದೂ, ದೂರದ ನೀರಿನಲ್ಲಿ ಡಾಲ್ಫಿನ್ನಿನ ಬೆನ್ನೂ ಕಂಡಾವು. ಇಲ್ಲಿ ತಂಡದ ಅತಿ ಮಾತುಗಾರನೂ ಸ್ವಲ್ಪ ಹೊತ್ತು ಮೌನಿಯಾಗುತ್ತಾನೆ.

ದಾರಿ ಕಿರಿದಾದ ಕಡೆ ಬಿದ್ದ ಒಣ ಎಲೆ, ಉದುರುಗಲ್ಲು ಜಾರುತ್ತವೆ. ರಬ್ಬರ್ ಚಪ್ಪಲಿ ತೊಟ್ಟವರು ಪಡುವ ಪಾಡು ಹೇಳತೀರದು. ಒಳ್ಳೆಯ ಹಿಡಿತದ ಬೂಟು, ಬೆನ್ನಿಗೆ ಹಾಕುವ ಚೀಲ, ಎರಡೂ ಕೈ ಖಾಲಿ: ಇಷ್ಟಿದ್ದರೆ ಸಾಮಾನ್ಯ ದೇಹಶಕ್ತಿಯ ಯಾರೂ ಅರ್ಧ ತಾಸಿನ ಆಸುಪಾಸಿನಲ್ಲಿ ಅರ್ಧಚಂದ್ರ ಸೇರಬಹುದು.

ಅಲ್ಲಿಂದ ಪ್ಯಾರಡೈಸಿಗೆ ಹೋಗುವಾಗ ಕೈಯನ್ನೂ ಬಳಸಬೇಕಾಗುತ್ತದೆ. ಕೆಲವೆಡೆ ದಾರಿ ಬಂಡೆಗಳ ಮೇಲೆಯೇ, ನೀರಿನ ಅಂಚಿನಲ್ಲೇ. ಇಳಿತದ ಹೊತ್ತಿನಲ್ಲಿ ಒಣಗಿ ನಿಂತ ಬಂಡೆ ಉಬ್ಬರದ ಹೊತ್ತಿಗೆ ಮುಳುಗಿರುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ತಾಸು. ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಭೂಗೋಳದ ಪಾಠದಲ್ಲಿ ಎರಡು ಅಂಕದ ಪ್ರಶ್ನೆಯಾಗಿದ್ದ ಸಂಗತಿ ಇಲ್ಲಿ, ಹೋದ ದಾರಿಯಲ್ಲೇ ಹಿಂದಿರುಗಬಹುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಮೀನುಗಾರರನ್ನು ಕೇಳಿದರೆ ಅಂದಿನ ಉಬ್ಬರದ ವೇಳೆಯನ್ನು ಗಡಿಯಾರ ನೋಡದೆ ಹೇಳುತ್ತಾರೆ.

ಬಂಡೆಯ ಮೇಲೆ ಕುಳಿತು ಪಶ್ಚಿಮಕ್ಕೆ ಮುಖ ಮಾಡಿದವರು ಇನ್ನೊಂದು ವಿಷಯ ಮೆಲುಕು ಹಾಕಬಹುದು. ಸುಮಾರು 9 ಕೋಟಿ ವರ್ಷಗಳ ಹಿಂದೆ ಈ ಕಡಲೇ ಇರಲಿಲ್ಲ. ಭಾರತದ ಈ ಮಗ್ಗುಲಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಆಮೇಲೆ ಎರಡೂ ಸೀಳಿ ದೂರವಾದವು. ಸೀಳಿನಲ್ಲಿ ನೀರು ತುಂಬಿತು. ಆ ಬೇರ್ಪಡೆಯ ಕಾಲದಲ್ಲಿ ಉಕ್ಕಿದ ಲಾವಾರಸ ತಣ್ಣಗಾಗಿ ನಿಂತ ಕಂಬಗಳನ್ನು ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಪ್ರವಾಸಿಗರು ನೋಡಿರುತ್ತಾರೆ. ಅಣ್ಣತಮ್ಮಂದಿರ ಪಾಲುಗಾರಿಕೆಯಲ್ಲಿ ಒಂದೇ ಗೋಡೆಯ ಎರಡು ಮುಖಗಳು ಬೇರೆ ಬೇರೆ ಅಂಗಳಕ್ಕೆ ತಿರುಗಿದಂತೆ, ಈ ಅಂಚಿನ ಜೋಡಿ ಈಗ ಸಾವಿರಾರು ಕಿಲೋಮೀಟರ್ ಆಚೆ ಇದೆ.

ಇನ್ನು ನೀರಿನ ಮಾತು. 2024ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಬಯಲುಸೀಮೆಯಿಂದ ಬಂದ ಮಕ್ಕಳು. ಆ ಸುದ್ದಿ ಓದಿದ ಮೇಲೆ ಎಷ್ಟೋ ಮನೆಗಳಲ್ಲಿ ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಬೀಳಲಿಲ್ಲವೆಂದರೆ ತಪ್ಪೆನ್ನುವಂತಿಲ್ಲ. 'ಹೋಗು, ಆದರೆ ನೀರಿಗಿಳಿಯಬೇಡ' ಎನ್ನುತ್ತಾಳೆ ತಾಯಿ. ಮಗ ಹೂಂಗುಟ್ಟುತ್ತಾನೆ. ಯಾಕೆ ಇಳಿಯಬಾರದು, ಎಲ್ಲಿ ಇಳಿಯಬಾರದು ಎಂದು ಇಬ್ಬರಿಗೂ ಯಾರೂ ಹೇಳಿರುವುದಿಲ್ಲ. ಹೀಗಾಗಿ ಆ ಮಾತು ಮನೆಯ ಹೊಸಿಲು ದಾಟುವ ಮೊದಲೇ ಸವೆದುಹೋಗುತ್ತದೆ.

ತೆರೆಗಳು ದಡಕ್ಕೆ ತಂದು ಸುರಿಯುವ ನೀರು ಹೇಗಾದರೂ ಹಿಂದಿರುಗಬೇಕಲ್ಲ? ಅದು ಎಲ್ಲ ಕಡೆಯಿಂದಲೂ ಸಮನಾಗಿ ಹೋಗುವುದಿಲ್ಲ. ಒಂದು ಕಿರಿದಾದ ಕಾಲುವೆ ಹುಡುಕಿಕೊಂಡು ರಭಸದಿಂದ ಕಡಲಿಗೆ ಓಡುತ್ತದೆ. ಎರಡು ಗುಡ್ಡಗಳ ನಡುವಿನ ಇಂಥ ಚಿಕ್ಕ ತೀರಗಳಲ್ಲಿ ಆ ಕಾಲುವೆ ಬಹಳ ಸಲ ಧರೆಯ ಬುಡದ ಬಂಡೆಗಳಿಗೆ ತಾಗಿಕೊಂಡೇ ಇರುತ್ತದೆ. ಮೋಸ ಇರುವುದು ಇಲ್ಲೇ. ನೀರು ಹೊರಗೆ ಓಡುವ ಜಾಗದಲ್ಲಿ ತೆರೆ ಒಡೆಯುವುದು ಕಡಿಮೆ. ನೊರೆಯಿಲ್ಲ, ಅಬ್ಬರವಿಲ್ಲ, ಬಣ್ಣ ಸ್ವಲ್ಪ ಗಾಢ. ಈಜು ಬಾರದವನ ಕಣ್ಣಿಗೆ 'ಇಲ್ಲಿ ಶಾಂತವಾಗಿದೆ, ಇಲ್ಲೇ ಇಳಿಯೋಣ' ಎನಿಸುವ ಜಾಗವೇ ಎಳೆದೊಯ್ಯುವ ಜಾಗ. ಸೆಳೆತಕ್ಕೆ ಸಿಕ್ಕವನು ದಡದ ಕಡೆಗೇ ನೇರವಾಗಿ ಈಜಲು ಹೊರಟು ದಣಿದು ಮುಳುಗುತ್ತಾನೆ. ಸೆಳೆತದ ಕಾಲುವೆ ಅಗಲವಾಗಿರುವುದಿಲ್ಲ; ದಡಕ್ಕೆ ಸಮಾನಾಂತರವಾಗಿ, ಬಂಡೆಗಳಿಂದ ದೂರದ ದಿಕ್ಕಿಗೆ ಅಡ್ಡಲಾಗಿ ಸರಿದರೆ ಅದರಿಂದ ಪಾರಾಗಬಹುದು. ಅದೂ ಆಗದಿದ್ದರೆ ಸುಮ್ಮನೆ ತೇಲುತ್ತ ಕೈ ಎತ್ತಿ ಕೂಗಬೇಕು. ಕಾಪಾಡಲು ಗೆಳೆಯನೂ ಧುಮುಕಿದರೆ ಒಂದರ ಬದಲು ಎರಡು ಜೀವ ಅಪಾಯಕ್ಕೆ ಸಿಲುಕುತ್ತವೆ. ಹಗ್ಗವೋ, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನೋ ಎಸೆಯುವುದು ಮೇಲು.

ದಾರಿಯಿಲ್ಲದ ತೀರಗಳಲ್ಲಿ ಕೂಗಿದರೂ ಕೇಳುವವರಿರುವುದಿಲ್ಲ. ಆದ್ದರಿಂದ ನೀರಾಟದ ಆಸೆಯನ್ನು ಜೀವರಕ್ಷಕರು ಇರುವ ತೀರಕ್ಕೆ, ಹಗಲಿನ ಹೊತ್ತಿಗೆ, ಮೊಣಕಾಲು ಮುಳುಗುವಷ್ಟು ನೀರಿಗೆ ಸೀಮಿತಗೊಳಿಸಿ, ಅರ್ಧಚಂದ್ರ ಮತ್ತು ಪ್ಯಾರಡೈಸ್‌ಗಳನ್ನು ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳುವುದು ಜಾಣತನ. ಇಷ್ಟು ತಿಳಿಸಿ ಕಳಿಸುವ ತಂದೆತಾಯಿ ಮಕ್ಕಳನ್ನು ತಡೆಯಬೇಕಾಗಿಲ್ಲ. ವರ್ಷವಿಡೀ ಕೋಚಿಂಗ್ ತರಗತಿಯಲ್ಲಿ ಕುಳಿತ ಮಕ್ಕಳಿಗೆ ಭೂಗೋಳ, ಭೂವಿಜ್ಞಾನ, ಜೀವಶಾಸ್ತ್ರ, ಇತಿಹಾಸ ಎಲ್ಲವನ್ನೂ ಒಂದೇ ಹಗಲಿನಲ್ಲಿ ಕಲಿಸುವ ಬಯಲ ಶಾಲೆ ಇನ್ನೆಲ್ಲಿದೆ?

ಪ್ಯಾರಡೈಸಿನಲ್ಲಿ ಹಲವರು ಚಾರಣ ಮುಗಿಸುತ್ತಾರೆ. ಕಾಲಿನಲ್ಲಿ ಶಕ್ತಿ ಉಳಿದವರು ಬೇಲೆಕಾನ ದಾಟಿ ತದಡಿಗೆ ಇಳಿಯಬಹುದು. ಇಲ್ಲಿ ದೃಶ್ಯ ಒಮ್ಮೆಲೇ ಬದಲಾಗುತ್ತದೆ. ಒರಟು ಧರೆಗಳು ಹಿಂದುಳಿದು, ಅಘನಾಶಿನಿಯ ಅಗಲವಾದ ಅಳಿವೆ ತೆರೆದುಕೊಳ್ಳುತ್ತದೆ. ಮೀನುಗಾರಿಕೆಯ ದೋಣಿಗಳು, ಬಲೆ ಹೆಣೆಯುವವರು, ಒಣಮೀನಿನ ವಾಸನೆ. ಶಿರಸಿಯ ಕಡೆಯಿಂದ ಹೊರಟು, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಲುಕದೆ ಕಡಲಿಗೆ ಬಂದು ಸೇರುವ ನದಿಯಿದು. ಇಳಿತದ ಹೊತ್ತಿನಲ್ಲಿ ಕೆಸರು ದಿಬ್ಬಗಳು ಮೇಲೆದ್ದಾಗ ಹೆಂಗಸರು ಗಂಡಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಸಾಣಿಕಟ್ಟಾದ ಉಪ್ಪಿನಾಗರ ಇದೇ ಅಳಿವೆಯ ಕೊಡುಗೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣದ ಮಾನ್ಯತೆ ದೊರೆಯಿತು. ಮೇಲಿನ ಧರೆಗಳಿಗೆ ಅಂಥ ಬಿರುದು ಯಾವುದೂ ಇಲ್ಲ. ಅವುಗಳ ಪಾಲಿಗೆ ಬಂದಿರುವುದು ಬಾಟಲಿಗಳು ಮಾತ್ರ.

ತದಡಿಯಿಂದ ದೋಣಿಯಲ್ಲಿ ಅಳಿವೆ ದಾಟಿದರೆ ಎದುರು ದಡದಲ್ಲಿ ಅಘನಾಶಿನಿ ಎಂಬ ಹೆಸರಿನದೇ ಊರು. ಅಲ್ಲಿಂದ ಕಾಗಾಲ, ಬಾಡ, ಕಡ್ಲೆಗಳ ಮೂಲಕ ಕುಮಟಾದವರೆಗೂ ಗುಡ್ಡ, ಮರಳು, ಗುಡ್ಡ ಎಂದು ಅದೇ ಆಟ ಮುಂದುವರಿಯುತ್ತದೆ. ಇದಕ್ಕೆ ಇನ್ನೊಂದು ದಿನ ಬೇಕು. ದಾರಿ ಬಲ್ಲ ಸ್ಥಳೀಯರೊಬ್ಬರು ಜತೆಗಿದ್ದರೆ ಚೆನ್ನ.

ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಪ್ರಶಸ್ತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯ ಕಡೆ ತಲೆಹಾಕದಿರುವುದು ಕ್ಷೇಮ. ಹುಟ್ಟಿನಿಂದ ಕಡಲು ಬಲ್ಲ ಮೀನುಗಾರರ ಯಾಂತ್ರಿಕ ದೋಣಿಗಳೇ ಜೂನ್, ಜುಲೈ ತಿಂಗಳಲ್ಲಿ ದಡದಲ್ಲಿರುತ್ತವೆ. ಬೆಳಿಗ್ಗೆ ಬೇಗ ಹೊರಟು ಹತ್ತು ಗಂಟೆಯ ಬಿಸಿಲಿಗೆ ಮುನ್ನ ಓಂ ದಾಟಬೇಕು. ಒಬ್ಬೊಬ್ಬರಿಗೂ ಕನಿಷ್ಠ ಎರಡು ಮೂರು ಲೀಟರ್ ನೀರು, ಟೋಪಿ, ಮತ್ತು ತಂದ ಕಸವನ್ನು ಮರಳಿ ಒಯ್ಯಲು ಒಂದು ಚೀಲ ಇರಲಿ. ಕತ್ತಲಾದ ಮೇಲೆ ಧರೆಯ ದಾರಿ ಬೇಡ. ಬೆಂಗಳೂರಿನಿಂದ ಕಾರವಾರಕ್ಕೆ ಹೊರಡುವ ರಾತ್ರಿ ರೈಲು ಹಿಡಿದರೆ ಗೋಕರ್ಣ ರೋಡ್ ನಿಲ್ದಾಣ. ಅಲ್ಲಿಂದ ಊರು ಸುಮಾರು 10 ಕಿ.ಮೀ. ಹುಬ್ಬಳ್ಳಿ, ಅಂಕೋಲಾ, ಕುಮಟಾಗಳಿಂದ ಬಸ್ಸುಗಳಿವೆ. ಬೇಸಿಗೆ ರಜೆಯಲ್ಲಿ ಹೋಗುವವರು ನಡಿಗೆಯ ಮಟ್ಟಿಗೆ ನಿರಾಶರಾಗಬಹುದು, ಬಿಸಿಲು ಅಷ್ಟು. ಆದರೆ ಹಿಂದಿರುಗುವಾಗ ಕುಮಟಾ ಹೆದ್ದಾರಿಯ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಮನೆಗೆ ಒಯ್ಯಲು ಸಿಗುತ್ತದೆ.